ಒಬ್ಬ ಕಮ್ಮಾರನಿಗೆ ಎಷ್ಟು ನೇಗಿಲು?

ವೆನಿಸ್ಸಿನ ವ್ಯಾಪಾರಿ ಚೇಸರೆ ಫೆಡೆರಿಚಿ 1567ರಲ್ಲಿ ವಿಜಯನಗರಕ್ಕೆ ಬಂದ. ಅವನಿಗೆ ಇದ್ದದ್ದು ಒಂದು ತಿಂಗಳ ಕೆಲಸ, ಉಳಿದದ್ದು ಏಳು ತಿಂಗಳು. ಹೊರಡೋಣವೆಂದರೆ ದಾರಿ ತುಂಬ ಕಳ್ಳರು. 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿಯ ಬಯಲಲ್ಲಿ ವಿಜಯನಗರ ಸೋತು, ಅದನ್ನು ಆಳುತ್ತಿದ್ದ ರಾಮರಾಯನ ತಲೆ ಉರುಳಿ ಎರಡು ವರ್ಷ ಕಳೆದಿತ್ತು. ಮನೆಗಳು ಇನ್ನೂ ನಿಂತಿವೆ, ಒಳಗೆ ಜನ ಇಲ್ಲ ಎಂದು ಅವನು ಬರೆದಿಟ್ಟಿದ್ದಾನೆ. ಇನ್ನೊಂದು ಸಂಗತಿಯೂ ಅವನ ಬರಹದಲ್ಲಿದೆ. ಊರನ್ನು ಮತ್ತೆ ಎಬ್ಬಿಸಲು ಹೊರಟ ರಾಮರಾಯನ ತಮ್ಮ ತಿರುಮಲರಾಯ, ಕುದುರೆ ತಂದುಕೊಟ್ಟವರಿಗೆ ಒಳ್ಳೆಯ ಬೆಲೆ ಕೊಡುತ್ತೇನೆಂದು ಸಾರಿದ. ವ್ಯಾಪಾರಿಗಳು ನಂಬಿ ತಂದರು. ಬೇಕಾದಷ್ಟು ಕುದುರೆ ಲಾಯ ಸೇರಿದ ಮೇಲೆ ರಾಯ ಅವರನ್ನು ಬರಿಗೈಯಲ್ಲಿ ಕಳಿಸಿದ.

ಒಂದು ವ್ಯವಸ್ಥೆ ಕುಸಿದಾಗ ಮೊದಲು ಏನು ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ನನಗೆ ಸಿಕ್ಕಿಲ್ಲ. ನಾಣ್ಯ ಹೋಗುವುದಿಲ್ಲ, ವರಾಹದಲ್ಲಿರುವ ಚಿನ್ನ ರಾಜ ಸತ್ತರೂ ಚಿನ್ನವೇ. ಹೋಗುವುದು ದಾರಿ ಮತ್ತು ಮಾತು. ದಾರಿ ಹೋದರೆ ದೂರದವನ ಜೊತೆ ವ್ಯವಹಾರ ನಿಲ್ಲುತ್ತದೆ. ಮಾತು ಹೋದರೆ ಮುಖ ಗೊತ್ತಿಲ್ಲದವನ ಜೊತೆ ನಿಲ್ಲುತ್ತದೆ. ಉಳಿಯುವುದು ಊರು, ಪಕ್ಕದ ಊರು, ಹೆಚ್ಚೆಂದರೆ ಹೊಳೆಯಾಚೆಯ ಊರು.

ತುಂಗಭದ್ರೆಯ ಈಚೆ, ಅಂಜನಾದ್ರಿಯ ಬುಡದಲ್ಲಿರುವ ಹನುಮನಹಳ್ಳಿಯಂಥ ಊರುಗಳಿಗೆ ಕುಸಿತದ ನಂತರ ಬದುಕುವುದು ಹೇಗೆ ಎಂಬ ಪ್ರಶ್ನೆ ಹೊಸದಲ್ಲ. ಆನೆಗೊಂದಿ ಸೀಮೆಯ ಜನ ವಿಜಯನಗರ ಹುಟ್ಟಿದ್ದನ್ನೂ ನೋಡಿದರು, ಉರಿದದ್ದನ್ನೂ ನೋಡಿದರು. ಆಮೇಲೆ ಈ ನಾಡನ್ನು ವಿಜಾಪುರದವರು, ಮರಾಠರು, ಟಿಪ್ಪು, ನಿಜಾಮರು ಒಬ್ಬರಾದ ಮೇಲೆ ಒಬ್ಬರು ಆಳಿದರು. ಇಷ್ಟೆಲ್ಲದರ ನಡುವೆ ಯಾರು ಯಾರಿಗೆ ನೇಗಿಲಿನ ಕುಡ ಹಣಿದುಕೊಟ್ಟರು, ಯಾರು ಯಾರ ಗದ್ದೆಗೆ ನೀರು ಬಿಟ್ಟರು, ಅದಕ್ಕೆ ಏನು ಪಡೆದರು ಎಂಬುದೇ ಈ ಲೇಖನದ ವಿಷಯ.

ಲೋಕವೆಲ್ಲ ಮುಳುಗಿದ ಮೇಲೆ ಜನ ಹೇಗೆ ಬದುಕುತ್ತಾರೆ ಎಂದು ಹೇಳುವ ಕಾದಂಬರಿ, ಸಿನಿಮಾಗಳಲ್ಲಿ ಒಂದು ದೃಶ್ಯ ಇದ್ದೇ ಇರುತ್ತದೆ: ಒಬ್ಬ ಹಲ್ಲು ಕೀಳುತ್ತಾನೆ, ಇನ್ನೊಬ್ಬ ಅದಕ್ಕೆ ಎರಡು ಕೋಳಿ ಕೊಡುತ್ತಾನೆ. ಕೈಯಿಂದ ಕೈಗೆ, ಅಲ್ಲೇ ಚುಕ್ತಾ. ನಿಜವಾದ ಊರುಗಳಲ್ಲಿ ವ್ಯವಹಾರ ಹೀಗೆ ನಡೆದದ್ದು ಅಪರೂಪ. ಬರೀ ಅದಲುಬದಲಿನ ಮೇಲೆಯೇ ನಿಂತ ಆರ್ಥಿಕತೆಯನ್ನು ಯಾರೂ ಎಲ್ಲಿಯೂ ದಾಖಲಿಸಿಲ್ಲ ಎಂದು ಮಾನವಶಾಸ್ತ್ರಜ್ಞೆ ಕ್ಯಾರೊಲಿನ್ ಹಂಫ್ರಿ 1985ರಲ್ಲೇ ಬರೆದಿದ್ದರು. ಕಾರಣ ಸರಳ. ನಿನ್ನ ಹಲ್ಲು ನೋಯುವ ದಿನವೇ ನನಗೆ ಕೋಳಿ ಬೇಕಾಗಬೇಕೆಂದಿಲ್ಲ. ಮುಂಗಾರಿಗೆ ಮುಂಚೆ ನೇಗಿಲು ಸರಿಮಾಡಿಸುವ ರೈತನ ಮನೆಯಲ್ಲಿ ಆಗ ಕಾಳೇ ಇರುವುದಿಲ್ಲ. ಕೆಲಸ ಆಗಬೇಕಾದ ಕಾಲ ಒಂದು, ಕೊಡಲು ಕೈಯಲ್ಲಿರುವ ಕಾಲ ಇನ್ನೊಂದು.

ಈ ಎರಡು ಕಾಲಗಳ ನಡುವಿನ ಅಂತರ ತುಂಬುವ ಏರ್ಪಾಟೇ ಆಯ. ಊರಿಗೆ ಹನ್ನೆರಡು ಮಂದಿ ಆಯಗಾರರು. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿಗ. ಪಟ್ಟಿ ಊರಿಂದ ಊರಿಗೆ ಒಂದೆರಡು ಹೆಸರು ಬದಲಾಗುತ್ತದೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರ ತನ್ನ ಇತಿಹಾಸ ಗ್ರಂಥದಲ್ಲಿ ಈ ಪಟ್ಟಿ ಕೊಡುತ್ತಾ, ಕೆಲವೆಡೆ ಅಕ್ಕಸಾಲಿಗನ ಜಾಗದಲ್ಲಿ ಕವಿಯೂ ಆಗಿರುವ ಶಾಲಾ ಮಾಸ್ತರ ಇರುತ್ತಾನೆ ಎನ್ನುತ್ತಾನೆ. ಚಿನ್ನ ಮಾಡಿಸುವಷ್ಟು ಅನುಕೂಲವಿಲ್ಲದ ಊರೂ ಅಕ್ಷರ ಕಲಿಸುವವನಿಗೆ ಕಾಳು ಅಳೆದಿದೆ. ಆ ಪಟ್ಟಿಯಲ್ಲಿ ನನಗೆ ಬಹಳ ಹಿಡಿಸಿದ ಸಾಲು ಅದು.

ಆಯದ ನಡಾವಳಿ ಹೀಗೆ. ವರ್ಷವಿಡೀ ಕಮ್ಮಾರ ಊರ ರೈತರ ಕುಡ, ಕುಡಗೋಲು, ಕೊಡಲಿ, ಕುಂಟೆಯ ಕಬ್ಬಿಣ ಸರಿಮಾಡುತ್ತಾನೆ. ದುಡ್ಡು ಕೇಳುವುದಿಲ್ಲ, ಪ್ರತಿ ಕೆಲಸದ ಲೆಕ್ಕವನ್ನೂ ಇಡುವುದಿಲ್ಲ. ಸುಗ್ಗಿಯಲ್ಲಿ ರಾಶಿ ಆದಾಗ ಕಣಕ್ಕೆ ಹೋಗಿ ತನ್ನ ಪಾಲು ಅಳೆಸಿಕೊಳ್ಳುತ್ತಾನೆ. ಪಾಲು ನಿಗದಿಯಾಗುವುದು ಮಾಡಿದ ಕೆಲಸದ ಮೇಲಲ್ಲ, ರೈತನ ಎತ್ತಿನ ಜೋಡಿಯ ಮೇಲೆ ಅಥವಾ ಕೂರಿಗೆಯ ಲೆಕ್ಕದ ಹೊಲದ ಮೇಲೆ. ಎರಡು ಜೋಡಿ ಎತ್ತಿದ್ದವನು ಎರಡು ಪಾಲು ಕೊಡಬೇಕು, ಅವನ ಕುಡ ಆ ವರ್ಷ ಮೊಂಡಾಗದಿದ್ದರೂ ಸರಿ.

ಇಲ್ಲಿ ಮೂರು ಸಣ್ಣ ನಿಯಮಗಳಿವೆ. ಹೊರಗಿನವರ ಕಣ್ಣಿಗೆ ಬೀಳದ ಇವುಗಳ ಮೇಲೆಯೇ ಇಡೀ ಏರ್ಪಾಟು ನಿಂತಿರುವುದು.

ಮೊದಲನೆಯದು, ಸಾಮಾನು ಮಾಡಿಸುವವನದು. ಕಬ್ಬಿಣ ರೈತ ತರಬೇಕು, ಇದ್ದಿಲು ರೈತ ತರಬೇಕು, ಕುಲುಮೆಯ ಮುಂದೆ ಕೂತು ತಿದಿ ಒತ್ತುವವನೂ ಅವನೇ. ಬಡಗಿಗಾದರೆ ಜಾಲಿಯ ತುಂಡು ರೈತನೇ ಕಡಿದು ಹೊತ್ತು ತರಬೇಕು. ಹೀಗಾಗಿ ಲೆಕ್ಕದಲ್ಲಿ ಉಳಿಯುವುದು ಕೈಚಳಕ ಒಂದೇ. ಕಬ್ಬಿಣದ ಬೆಲೆ ಏರಿದರೂ ಇಳಿದರೂ ಆಯ ಅಲುಗುವುದಿಲ್ಲ. ಕುಡ ಎಷ್ಟು ಕಾಯಬೇಕು, ಯಾವ ಕೆಂಪಿಗೆ ಬಂದಾಗ ಅಡಿಗಲ್ಲಿಗೆ ತರಬೇಕು, ಮೊನೆಯನ್ನು ಮಾತ್ರ ನೀರಿಗೆ ಅದ್ದಿ ಯಾವ ಕ್ಷಣಕ್ಕೆ ಎತ್ತಬೇಕು ಎಂಬುದೇ ಕಮ್ಮಾರನ ಸ್ವತ್ತು. ಹೆಚ್ಚು ಹೊತ್ತು ಅದ್ದಿದರೆ ಮೊನೆ ಕಲ್ಲಿಗೆ ತಾಗಿ ಮುರಿಯುತ್ತದೆ, ಕಡಿಮೆಯಾದರೆ ಎರಡು ಸಾಲಿಗೇ ಮಡಚಿಕೊಳ್ಳುತ್ತದೆ. ತಿದಿ ಒತ್ತುತ್ತಾ ಕೂತ ರೈತ ಇದನ್ನು ನೂರು ಸಲ ನೋಡಿದರೂ ಕಲಿಯುವುದಿಲ್ಲ.

ಎರಡನೆಯದು, ದುರಸ್ತಿ ಆಯದೊಳಗೆ, ಹೊಸದು ಹೊರಗೆ. ಹಳೆ ಗಾಲಿಗೆ ಅರೆಕಾಲು ಕೂಡಿಸಿದರೆ ಆಯದ ಕೆಲಸ. ಹೊಸ ಬಂಡಿ ಮಾಡಿದರೆ ಬೇರೆ ಮಾತುಕತೆ, ಬೇರೆ ಕಾಳು, ಮೇಲೊಂದು ಧೋತರವೋ ರುಮಾಲೋ. ಈ ಗೆರೆ ಇಲ್ಲದಿದ್ದರೆ ಉಳ್ಳವನು ಆಯದ ಹೆಸರಲ್ಲಿ ಮನೆಯ ಬಾಗಿಲನ್ನೇ ಮಾಡಿಸಿಕೊಂಡು ಬಿಡುತ್ತಾನೆ.

ಮೂರನೆಯದು, ಪಾಲು ಸಿಗಬೇಕಾದ್ದು ಕಣದಲ್ಲಿ. ರಾಶಿ ಮನೆಗೆ ಹೋಗುವ ಮುಂಚೆ. ಕಣದಲ್ಲಿ ಅಳೆದದ್ದು ಹಕ್ಕು. ಅದೇ ಕಾಳು ಮನೆ ಸೇರಿದ ಮೇಲೆ ಬಾಗಿಲಲ್ಲಿ ನಿಂತು ಪಡೆದರೆ ದಾನ. ಕಣದಲ್ಲಿ ಅಳತೆ ನೋಡಲು ಇನ್ನೂ ಹತ್ತು ಮಂದಿ ಇರುತ್ತಾರೆ. ತಲೆ ಸವರಿದ ಸೇರೋ, ಶಿಖರ ಬಿಟ್ಟ ಸೇರೋ ಎಂಬ ಜಗಳ ಅಲ್ಲೇ ಬಗೆಹರಿಯುತ್ತದೆ. ಕುಸಿತದ ಕಾಲದಲ್ಲಿ ತಕ್ಕಡಿ, ಸೇರುಗಳನ್ನು ಸರ್ಕಾರ ಬಂದು ಪರೀಕ್ಷೆ ಮಾಡುವುದಿಲ್ಲ. ಹತ್ತು ಕಣ್ಣುಗಳೇ ಸರ್ಕಾರ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಆರು ಜನರ ಸಂಸಾರಕ್ಕೆ ತಲೆಗೆ ದಿನಕ್ಕೆ ಅರ್ಧ ಕೆ.ಜಿ. ಜೋಳ ಎಂದರೆ ದಿನಕ್ಕೆ 3 ಕೆ.ಜಿ., ವರ್ಷಕ್ಕೆ ಸುಮಾರು 1,100 ಕೆ.ಜಿ. ಎತ್ತಿನ ಜೋಡಿಗೆ 20 ಕೆ.ಜಿ.ಯಂತೆ ಆಯ ಬಂದರೆ ಒಬ್ಬ ಕಮ್ಮಾರ ಬರೀ ಹೊಟ್ಟೆ ತುಂಬಿಸಿಕೊಳ್ಳಲು 55 ಜೋಡಿ ಬೇಕು. ಬಟ್ಟೆ, ಮದುವೆ, ಕಾಯಿಲೆ ಸೇರಿದರೆ ಇನ್ನೂ ಹೆಚ್ಚು. ಅಂಕಿಗಳು ಉದಾಹರಣೆಗೆ ನಾನು ಇಟ್ಟವು, ನಿಮ್ಮೂರಿನ ಅಳತೆ ಹಾಕಿ ನೋಡಿಕೊಳ್ಳಿ. ಮೂವತ್ತು ಜೋಡಿ ಇರುವ ಊರಲ್ಲಿ ಕಮ್ಮಾರ ಪಕ್ಕದೂರನ್ನೂ ಹಿಡಿಯಬೇಕು, ಇಲ್ಲವೇ ತಾನೂ ಹೊಲ ಮಾಡಬೇಕು. ಹೊಲ ಮಾಡಿದಷ್ಟು ಕುಲುಮೆ ತಣ್ಣಗಾಗುತ್ತದೆ.

ಪ್ರತಿಯೊಂದು ವಿದ್ಯೆಗೂ ಹೀಗೆ ಅದನ್ನು ಸಾಕುವ ಒಂದು ಸುತ್ತಳತೆ ಇರುತ್ತದೆ. ಕ್ಷೌರಿಕನಿಗೆ ಒಂದು ಊರು ಸಾಕು. ಅಕ್ಕಸಾಲಿಗನಿಗೆ, ಜೋಯಿಸನಿಗೆ ನಾಲ್ಕಾರು ಊರು ಬೇಕು. ವಿಗ್ರಹ ಕೆತ್ತುವವನಿಗೆ ಸೀಮೆಯೇ ಬೇಕು. ದಾರಿ ಮುಚ್ಚಿದಾಗ ಯಾವ ವಿದ್ಯೆ ಉಳಿಯುತ್ತದೆ, ಯಾವುದು ಸಾಯುತ್ತದೆ ಎಂಬುದನ್ನು ಬಹುಮಟ್ಟಿಗೆ ಈ ಸುತ್ತಳತೆಯೇ ತೀರ್ಮಾನಿಸುತ್ತದೆ. ವಿದ್ಯೆ ಎಷ್ಟು ಶ್ರೇಷ್ಠ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ತುಂಗಭದ್ರೆಯ ಎರಡು ದಡಗಳಲ್ಲಿ ಇದರ ಪುರಾವೆ ಬಿದ್ದಿದೆ. ಸಾವಿರ ಕಂಬಗಳನ್ನು ಕಡೆಯಬಲ್ಲ ಕಲ್ಲುಕುಟಿಗರ ಮೇಳಗಳು 1565ರ ನಂತರ ಹಂಪಿಯಲ್ಲಿ ಒಂದು ದೊಡ್ಡ ಗುಡಿಯನ್ನೂ ಎಬ್ಬಿಸಲಿಲ್ಲ. ಆದರೆ ಹರಿಗೋಲು ಮಾತ್ರ ನಿಲ್ಲಲೇ ಇಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಹೊಳೆ ದಾಟಿಸುವ ದೋಣಿಗಳು ಬುಟ್ಟಿಯಂತೆ ದುಂಡಗಿವೆ, ಒಳಗೆ ಬಿದಿರಿನ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರಬಹುದು, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ ಎಂದು ಬರೆದ. ಇವತ್ತು ಸಣಾಪುರದ ಕಡೆ ಹೋದರೆ ಅದೇ ದುಂಡು, ಅದೇ ಹೆಣಿಗೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು.

ಒಂದು ಹರಿಗೋಲಿನಲ್ಲಿ ಎಷ್ಟು ಕೈ ಕೂಡಿವೆ ನೋಡಿ. ಬಿದಿರು ಸೀಳಿ, ನಡುವಿನಿಂದ ಹೊರಕ್ಕೆ ಹೆಣೆದು, ಅಂಚನ್ನು ಬಗ್ಗಿಸಿ ಕಟ್ಟುವುದು ಮೇದಾರರ ಕೆಲಸ. ತೊಗಲು ಹದ ಮಾಡಿ ನೀರು ಸೋರದಂತೆ ಹೊಲಿಯುವುದು ಮಾದಿಗರದು. ಸುಳಿ ಎಲ್ಲಿದೆ, ಬಂಡೆ ಎಲ್ಲಿ ಮುಳುಗಿದೆ, ಯಾವ ತಿಂಗಳಲ್ಲಿ ಎಲ್ಲಿಂದ ಹಚ್ಚಿದರೆ ಯಾವ ದಡಕ್ಕೆ ಮುಟ್ಟುತ್ತದೆ ಎಂಬುದು ಅಂಬಿಗರದು. ಮೂವರಿಗೂ ಬೇಕಾದ ಸಾಮಾನಿಗೆ ತೀರ ದೂರ ಹೋಗಬೇಕಿಲ್ಲ. ಹೊಳೆ ದಾಟುವ ಅಗತ್ಯ ಎರಡೂ ದಡದ ಎಲ್ಲರಿಗೂ ಇದೆ. ಹಾಗಾಗಿ ಸಾಮ್ರಾಜ್ಯ ಬಿದ್ದರೂ ಹರಿಗೋಲಿಗೆ ಧಕ್ಕೆಯಾಗಲಿಲ್ಲ.

ಕಾಲುವೆಗಳ ಕಥೆಯೂ ಹೆಚ್ಚುಕಡಿಮೆ ಇದೇ. ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ ಕಾಲುವೆಗಳು ವಿಜಯನಗರದ ಕಾಲದವು, ಇಂದಿಗೂ ಭತ್ತಕ್ಕೆ ನೀರು ಹರಿಸುತ್ತಿವೆ. ನೀರಾವರಿ ಕೆಲಸಕ್ಕೆ ಅಂದಿನವರು ಸಂಬಳ ಕೊಡುತ್ತಿರಲಿಲ್ಲ, ಭೂಮಿ ಬಿಡುತ್ತಿದ್ದರು. ಕೆರೆ ಕಟ್ಟಿಸಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ಕಟ್ಟುಗೊಡಗಿ, ಕೆರೆಗೊಡಗಿ, ದಶವಂದ ಎಂದು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಂಬಳ ಕೊಡುವ ಖಜಾನೆ ಒಂದೇ ದಿನದಲ್ಲಿ ಬರಿದಾಗಬಹುದು. ನೀರಗಂಟಿಯ ಮಾನ್ಯದ ಹೊಲ ಎಲ್ಲಿಗೂ ಹೋಗುವುದಿಲ್ಲ, ಮೇಲಾಗಿ ಅದಕ್ಕೆ ನೀರು ಬರಬೇಕಾದ್ದು ಅವನೇ ಕಾಯುವ ತೂಬಿನಿಂದ. ಕೆಲಸಗಾರನ ಅನ್ನವನ್ನು ಅವನ ಕೆಲಸಕ್ಕೇ ಕಟ್ಟಿಹಾಕಿದ ಜಾಣ್ಮೆ ಅದು.

ಸುತ್ತಳತೆ ಕುಗ್ಗಿದಾಗ ಸಾಯಬೇಕಿದ್ದ ಒಂದು ವಿದ್ಯೆ ಸಾಯದೆ ಉಳಿದದ್ದು ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರಗಳು, ಮರದ ತೇರು ತಮ್ಮ ಪೂರ್ವಿಕರ ಕೆಲಸ ಎಂದು ಅಲ್ಲಿನ ಚಿತ್ರಗಾರ ಮನೆತನಗಳು ಹೇಳುತ್ತವೆ. ಗುಡಿಯ ಕೆಲಸ ನಿಂತ ಮೇಲೆ ಮನೆಗಳಿಗೆ ಬೇಕಾದ್ದನ್ನು ಮಾಡಿದರು: ತೊಟ್ಟಿಲು, ಮದುವೆಯ ಮಣೆ, ಗೌರಿ, ಗ್ರಾಮದೇವತೆ, ಮಕ್ಕಳ ಗೊಂಬೆ. ಗಿರಾಕಿ ಬದಲಾದ, ಕೈ ಬದಲಾಗಲಿಲ್ಲ. ಹಗುರ ಮರದ ತುಂಡುಗಳನ್ನು ಜೋಡಿಸುವುದು ಹುಣಸೆ ಬೀಜದ ಅಂಟಿನಿಂದ. ಹಳೆ ಗೋಣಿ ತಟ್ಟನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಬೆರೆಸಿ, ಅದೇ ಅಂಟಿನಲ್ಲಿ ಕಲಸಿದರೆ ಕಿಟ್ಟ. ಜೋಡಿಸಿದ ಗೊಂಬೆಯ ಮೈಗೆಲ್ಲ ಅದನ್ನು ಕೈಯಿಂದ ಬಳಿಯುತ್ತಾರೆ. ಲಾಜವರ ಎಂಬ ಮೆರುಗಿಗೆ ತವರವನ್ನು ಕಾಯಿಸಿ, ಕಡ್ಡಿ ಮಾಡಿ, ಪುಡಿಯಾಗುವ ತನಕ ಜಜ್ಜಿ, ಅಂಟಿನಲ್ಲಿ ಕೂಡಿಸಿ ಹಚ್ಚಿ, ನುಣುಪು ಕಲ್ಲಿನಿಂದ ಉಜ್ಜಬೇಕು. ಬೆಳ್ಳಿಯ ಹೊಳಪು ಬರುತ್ತದೆ. ಮೇಲೆ ಹಳದಿ ಲೇಪ ಕೊಟ್ಟರೆ ಚಿನ್ನ. ಚಿನ್ನ ಬಿಟ್ಟರೆ ಎಲ್ಲವೂ ಇರುವ ಬಡವರ ಊರಿಗೆ ಇದು ಹೇಳಿ ಮಾಡಿಸಿದ ವಿದ್ಯೆ.

ಹುಣಸೆ ಬೀಜದ ಅಂಟು ಶಾನುಭೋಗರ ಮನೆಯಲ್ಲೂ ಕುದಿಯುತ್ತಿತ್ತು. ಬಟ್ಟೆಗೆ ಅದನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಾಡಿದರೆ ಕಡತ. ಬರೆಯಲು ಬಳಪ. ಯಾರ ಹೊಲ ಎಷ್ಟು, ಯಾರ ಆಯ ಎಷ್ಟು, ಯಾವ ಮಾನ್ಯ ಯಾರದು ಎಂಬುದೆಲ್ಲ ಅದರಲ್ಲಿ. ಅಳಿಸಿ ಮತ್ತೆ ಬರೆಯಬಹುದು, ನೂರು ವರ್ಷ ಇಡಬಹುದು. ಅಳಿಸಬಹುದಾದ ದಾಖಲೆ ಒಬ್ಬನೇ ಮನುಷ್ಯನ ಮನೆಯಲ್ಲಿದ್ದರೆ ಏನಾಗುತ್ತದೆ ಎಂದು ಊರವರಿಗೆ ಗೊತ್ತಿತ್ತು; ಶಾನುಭೋಗರ ಬಗ್ಗೆ ಅಷ್ಟೊಂದು ಗಾದೆ ಹುಟ್ಟಿರುವುದು ಸುಮ್ಮನೆ ಅಲ್ಲ.

ಆಯಗಾರರ ಜೊತೆಗಿನ ವ್ಯವಹಾರ ಒಂದು ಬಗೆಯಾದರೆ ಸರೀಕರ ನಡುವಿನದು ಮುಯ್ಯಿ. ನನ್ನ ಗದ್ದೆಯ ನಾಟಿಗೆ ನೀವು ಹತ್ತು ಆಳು ಬನ್ನಿ, ನಿಮ್ಮ ಗದ್ದೆಗೆ ನಮ್ಮವರು ಹತ್ತು ಆಳು ಬರುತ್ತಾರೆ. ಕಾಳಿಲ್ಲ, ಕಾಸಿಲ್ಲ, ಊಟ ಮಾತ್ರ ಕರೆದವರ ಮನೆಯದು. ನಾಟಿಗೆ ನಾಟಿಯೇ, ಕೊಯ್ಲಿಗೆ ಕೊಯ್ಲೇ, ಅದೂ ಅದೇ ಹಂಗಾಮಿನಲ್ಲಿ. ನಾಟಿ ಮಾಡಿಸಿಕೊಂಡು ಬೇಸಿಗೆಯಲ್ಲಿ ಕುಳ್ಳು ತಟ್ಟಿಕೊಡುತ್ತೇನೆ ಎಂದರೆ ಯಾರೂ ಒಪ್ಪುವುದಿಲ್ಲ. ದಿನಕ್ಕೆ ದಿನ ಸಮ ಎಂಬ ಈ ಲೆಕ್ಕ ನಡೆಯುವುದು ಎಲ್ಲರಿಗೂ ಬರುವ ಕೆಲಸದಲ್ಲಿ ಮಾತ್ರ. ಕಮ್ಮಾರನ ಒಂದು ದಿನಕ್ಕೂ ಕಳೆ ಕೀಳುವವರ ಒಂದು ದಿನಕ್ಕೂ ಸಮ ಹಾಕಲು ಹೋದರೆ ಜಗಳ ಖಂಡಿತ.

ಈ ಏರ್ಪಾಟನ್ನು ಹೊಗಳುವವರು ಬಹಳ. ರಾಜರು ಬಂದರೂ ಹೋದರೂ ಊರು ತನ್ನ ಪಾಡಿಗೆ ಇತ್ತು ಎಂದು ವಿಲ್ಕ್ಸನಂಥ ಇಂಗ್ಲಿಷರು ಬರೆದರು, ನಮ್ಮವರು ಅದನ್ನು ಉದ್ಧರಿಸಿ ಹಿಗ್ಗಿದರು. ಆದರೆ ಆಯದ ಕಾಳಿಗೆ ನಿಂತವರೆಲ್ಲ ಒಂದೇ ಸಾಲಿನಲ್ಲಿ ನಿಂತಿರಲಿಲ್ಲ. ಜೋಯಿಸನ ಪಾಲು ಮೊದಲು, ಗೌರವದಿಂದ. ತೊಗಲ ಮಿಣಿ, ಬಾರುಕೋಲು ಮಾಡಿಕೊಟ್ಟವರ ಪಾಲು ಕೊನೆಗೆ, ದೂರದಿಂದ. ಕೆಲಸ ಒಲ್ಲೆ ಎನ್ನುವ ಅಧಿಕಾರ ಇದ್ದವನಿಗೆ ಬೆಲೆ ಸಿಕ್ಕಿತು, ಇಲ್ಲದವನಿಗೆ ಹಿಡಿ ಕಾಳು ಸಿಕ್ಕಿತು. ತೋಟಿ, ತಳವಾರಿಕೆ, ಶಾನುಭೋಗಿಕೆಯಂಥ ವಂಶಪಾರಂಪರ್ಯದ ಹುದ್ದೆಗಳು ನಮ್ಮ ರಾಜ್ಯದಲ್ಲಿ ಕಾನೂನಿನ ಪ್ರಕಾರ ತೆಗೆದುಹಾಕಲ್ಪಟ್ಟದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ. ನಾಳೆ ಎಲ್ಲವೂ ಕುಸಿದು ಮತ್ತೆ ಆಯ ಕಟ್ಟಬೇಕಾಗಿ ಬಂದರೆ ಕಮ್ಮಾರಿಕೆ ಕಲಿಯಬೇಕೆಂದವನಿಗೆ ಕುಲುಮೆಯ ಬಾಗಿಲು ತೆರೆದಿರಬೇಕು, ಬೇಡವೆಂದವನು ಎದ್ದುಹೋಗಬಲ್ಲವನಾಗಿರಬೇಕು. ಇಷ್ಟನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಹಳೆಯ ಪಂಕ್ತಿಭೇದ ತಾನಾಗಿ ವಾಪಸು ಬರುತ್ತದೆ.

ಇನ್ನೊಂದು ಮಿತಿ ಇದಕ್ಕಿಂತ ಕ್ರೂರ. ಮಳೆ ಹೋದರೆ ಆಯ ನಿಲ್ಲುತ್ತದೆ. 1876ರಿಂದ 78ರ ತನಕ ಬಿದ್ದ ಬರವನ್ನು ಉತ್ತರ ಕರ್ನಾಟಕ ಇನ್ನೂ ನೆನೆಯುತ್ತದೆ. ಅಂಥ ವರ್ಷದಲ್ಲಿ ರೈತ ನೇಗಿಲು ಹೂಡುವುದಿಲ್ಲ, ಕುಡ ಹಣಿಸುವುದಿಲ್ಲ, ಹೊಸ ಗಡಿಗೆ ಕೊಳ್ಳುವುದಿಲ್ಲ, ಕ್ಷೌರ ಮುಂದಕ್ಕೆ ಹಾಕುತ್ತಾನೆ. ಕಣವೇ ಇಲ್ಲದಾಗ ಪಾಲೆಲ್ಲಿ? ಕೈಕಸುಬಿನವರು ರೈತರಿಗಿಂತ ಮೊದಲೇ ಬೀಳುತ್ತಾರೆ ಎಂಬುದನ್ನು 1880ರ ಕ್ಷಾಮ ಆಯೋಗ ಗುರುತಿಸಿತ್ತು. ನೂರು ವರ್ಷದ ನಂತರ, 1981ರಲ್ಲಿ, ಅಮರ್ತ್ಯ ಸೇನ್ ಬಂಗಾಳದ ಕ್ಷಾಮದ ಅಧ್ಯಯನದಲ್ಲಿ ಅದೇ ಮಾತನ್ನು ವಿವರವಾಗಿ ತೋರಿಸಿದರು. ವಿದ್ಯೆಯನ್ನು ತಿನ್ನಲಾಗುವುದಿಲ್ಲ. ಅದನ್ನು ಕೊಳ್ಳುವವನ ಮನೆಯಲ್ಲಿ ಮಿಗುತಾಯ ಇದ್ದಾಗಲಷ್ಟೇ ಅದಕ್ಕೆ ಬೆಲೆ.

ಆದ್ದರಿಂದ ವಿದ್ಯೆಯ ವಿನಿಮಯ ನಡೆಯಬೇಕಾದರೆ ಮೊದಲು ಬೇಕಾದ್ದು ಹಗೇವು. ಕುಷ್ಟಗಿ, ಯಲಬುರ್ಗಾ ಕಡೆಯ ಹಳೆಯ ಮನೆಗಳ ಮುಂದೆ, ಅಗಸಿಯ ಬಳಿ ನೆಲದೊಳಗೆ ತೆಗೆದ ಜೋಳದ ಕಣಜ ಅದು. ಸುತ್ತ ಕಲ್ಲು ಅಥವಾ ಹುಲ್ಲಿನ ಹೊದಿಕೆ, ಬಾಯಿಗೆ ಚಪ್ಪಡಿ, ಮೇಲೆ ಮಣ್ಣು. ಒಳಗೆ ಗಾಳಿ ಆಡದ್ದರಿಂದ ಹುಳು ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ನಿಲ್ಲುತ್ತದೆ. ಅದೇ ಕಾರಣಕ್ಕೆ ಮನುಷ್ಯನೂ ಒಳಗೆ ಬದುಕುವುದಿಲ್ಲ. ಬಾಯಿ ತೆರೆದ ಮೇಲೆ ಸಾಕಷ್ಟು ಹೊತ್ತು ಹಾಗೇ ಬಿಟ್ಟು, ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಬಿತ್ತನೆಯ ಬೀಜವನ್ನು ಮಾತ್ರ ಬೇರೆ ಇಡುತ್ತಿದ್ದರು, ಬೂದಿಯೋ ಬೇವಿನ ಸೊಪ್ಪೋ ಬೆರೆಸಿ. ಹೊಳೆದಂಡೆಯ ಭತ್ತದ ಊರು ಮತ್ತು ಎರೆಭೂಮಿಯ ಜೋಳದ ಊರು ಎರಡೂ ಒಂದೇ ಜಿಲ್ಲೆಯಲ್ಲಿರುವುದು ಕೊಪ್ಪಳದ ಪುಣ್ಯ. ಒಂದಕ್ಕೆ ಬೆಳೆ ಕೈಕೊಟ್ಟ ವರ್ಷ ಇನ್ನೊಂದಕ್ಕೂ ಕೈಕೊಡಲೇಬೇಕೆಂದಿಲ್ಲ.

ದೂರದ ಒಂದು ಉದಾಹರಣೆಯೂ ಇಲ್ಲಿ ಪಾಠವಾಗುತ್ತದೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಬಳಿಯ ಬರ್ನಲ್‌ನಲ್ಲಿ 1995ರಲ್ಲಿ ಕೆಲವು ನೆರೆಹೊರೆಯವರು ವಿನಿಮಯ ಕೂಟ ಆರಂಭಿಸಿದರು. 2001ರ ಕೊನೆಗೆ ಬ್ಯಾಂಕುಗಳು ಬಾಗಿಲು ಹಾಕಿದಾಗ ಲಕ್ಷಾಂತರ ಜನ ಅದಕ್ಕೆ ಸೇರಿದರು. ಹೊಲಿಗೆ, ಪಾಠ, ಕ್ಷೌರ, ಅಡುಗೆ ಎಲ್ಲದಕ್ಕೂ ಕೂಟದ ಚೀಟಿಯೇ ದುಡ್ಡು. ಒಂದು ವರ್ಷ ಕಳೆಯುವಷ್ಟರಲ್ಲಿ ಖೋಟಾ ಚೀಟಿ ತುಂಬಿಹೋಯಿತು, ಚೀಟಿ ಹಿಡಿದು ಹೋದರೆ ಸಂತೆಯಲ್ಲಿ ಊಟದ ಸಾಮಾನೇ ಇಲ್ಲ, ಕೂಟ ಕುಸಿಯಿತು. ಮುಖ ಗೊತ್ತಿದ್ದವರ ನಡುವೆ ಚೆನ್ನಾಗಿ ನಡೆದದ್ದು ಮುಖ ಗೊತ್ತಿಲ್ಲದವರ ಕೈಗೆ ಹೋಗಿ ಕೆಟ್ಟಿತು. ಕೂಟದಲ್ಲಿ ಹೊಲಿಯುವವರು, ಕಲಿಸುವವರು ಬೇಕಾದಷ್ಟಿದ್ದರು. ಬೆಳೆಯುವವರು ಇರಲಿಲ್ಲ.

ಹನುಮನಹಳ್ಳಿಯ ಸುತ್ತಲಿನವರು ಇಂಥ ಕುಸಿತದ ಸಣ್ಣ ರೂಪವೊಂದನ್ನು 2020ರಲ್ಲಿ ಕಂಡಿದ್ದಾರೆ. ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಮಾರ್ಚ್ ಮೊದಲ ವಾರ ವಿರುಪಾಪುರ ಗಡ್ಡಿಯ ರೆಸಾರ್ಟುಗಳು ನೆಲಸಮವಾದವು, ಅದೇ ತಿಂಗಳ ಕೊನೆಗೆ ಲಾಕ್‌ಡೌನ್. ವಿದೇಶಿಯರಿಗೆ ಅಡುಗೆ ಮಾಡುವುದು, ಬೈಕು ಬಾಡಿಗೆಗೆ ಬಿಡುವುದು, ಬಂಡೆ ಹತ್ತಿಸುವುದು, ಇವೆಲ್ಲ ಲೋಕದಷ್ಟು ದೊಡ್ಡ ಸುತ್ತಳತೆಯ ಕಸುಬುಗಳು. ವಿಮಾನ ನಿಂತ ದಿನವೇ ನಿಂತವು. ಗದ್ದೆಯ ಕೆಲಸ ನಿಲ್ಲಲಿಲ್ಲ.

ಹಾಗೆಂದು ದೊಡ್ಡ ಸುತ್ತಳತೆಯ ವಿದ್ಯೆಗಳನ್ನು ಕೈಬಿಟ್ಟು ಬದುಕುವ ಕಾಲ ಇದಲ್ಲ. ಗಂಗಾವತಿಯ ಭತ್ತ ನಿಂತಿರುವುದೇ ಅಂಥ ಒಂದರ ಮೇಲೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ, ಹರಿಯುವ ನೀರು, ಅದರಲ್ಲೇ ತಡೆಗೇಟು ಇಳಿಸಬೇಕು. ದುಡ್ಡು ಇತ್ತು, ಸರ್ಕಾರ ಇತ್ತು, ಮೂರು ರಾಜ್ಯಗಳ ಎಂಜಿನಿಯರುಗಳು ಇದ್ದರು. ಆದರೂ ಕರೆಸಬೇಕಾಗಿ ಬಂದದ್ದು ಗೇಟುಗಳ ಕೆಲಸದಲ್ಲೇ ತಲೆ ಹಣ್ಣಾದ ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರನ್ನು. ದೊಡ್ಡ ಅಣೆಕಟ್ಟುಗಳಿಗೆ ಗೇಟು ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆ, ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್, ಇದ್ದದ್ದು ಜಲಾಶಯದ ಬಳಿಯ ಹೊಸಪೇಟೆಯಲ್ಲೇ. ಅದನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2015ರಲ್ಲಿ. ಕಾರ್ಖಾನೆ ಹೋದ ಮೇಲೂ ವಿದ್ಯೆ ಕೆಲವರ ತಲೆಯಲ್ಲಿ, ಊರಿನ ವರ್ಕ್‌ಶಾಪುಗಳ ಕೈಯಲ್ಲಿ ಉಳಿದಿತ್ತು. 60 ಅಡಿ ಉದ್ದದ, 4 ಅಡಿ ಎತ್ತರದ ಐದು ತುಂಡುಗಳನ್ನು ತಯಾರಿಸಿ, ಆಗಸ್ಟ್ 16ರ ಸಂಜೆ ಮೊದಲನೆಯದನ್ನು ಇಳಿಸಿದರು, ಮರುದಿನ ಉಳಿದವನ್ನು.

ನಿಮ್ಮ ಊರಲ್ಲಿ ಇಂಥ ಲೆಕ್ಕ ಮಾಡಬೇಕೆಂದಿದ್ದರೆ ಒಂದು ಹಾಳೆಯಲ್ಲಿ ನಾಲ್ಕು ಕಲಂ ಗೀಚಿ: ಕೆಲಸ ಯಾವುದು, ಬಲ್ಲವರು ಯಾರು, ಅವರಿಂದ ಕಲಿಯುತ್ತಿರುವವರು ಯಾರು, ಅದು ನಡೆಯಲು ಎಷ್ಟು ಮನೆ ಅಥವಾ ಎಷ್ಟು ಊರು ಬೇಕು. ಹೆರಿಗೆ ಮಾಡಿಸುವುದು, ಬೋರಿನ ಮೋಟಾರು ಸುತ್ತುವುದು, ಎತ್ತಿಗೆ ಲಾಳ ಕಟ್ಟುವುದು, ಬೀಜ ಕಾಪಿಡುವುದು, ಹಾವಿನ ಗುರುತು ಹಿಡಿದು ಕಚ್ಚಿಸಿಕೊಂಡವರನ್ನು ಆಸ್ಪತ್ರೆಗೆ ಸೇರಿಸುವುದು, ಹರಿಗೋಲು ಹೆಣೆಯುವುದು, ಎಲ್ಲವನ್ನೂ ಬರೆಯಿರಿ. ಎರಡನೆಯ ಕಲಂ ಬೇಗ ತುಂಬುತ್ತದೆ. ಮೂರನೆಯದು ಎಲ್ಲೆಲ್ಲಿ ಖಾಲಿ ಇದೆಯೋ ಅಲ್ಲಿಂದ ಕೆಲಸ ಶುರು ಮಾಡಬೇಕು, ಅದರಲ್ಲೂ ಎರಡನೆಯ ಕಲಮಿನಲ್ಲಿರುವವರ ವಯಸ್ಸು ಎಪ್ಪತ್ತು ದಾಟಿದ್ದರೆ.